ಟೇಪಿನ ಸುಯ್, ಹಾಡಿನ ಸುಯ್

ಅಮೆರಿಕದ ರಾಕ್ ಬ್ಯಾಂಡ್ ನೈನ್ ಇಂಚ್ ನೇಲ್ಸ್‌ನ ‘ಹರ್ಟ್’ ಹಾಡಿನಲ್ಲಿ ಗಿಟಾರಿನ ಕೆಳಗೆ ಉದ್ದಕ್ಕೂ ಸುಯ್ ಎನ್ನುವ ಸದ್ದೊಂದು ಹರಿಯುತ್ತಿರುತ್ತದೆ. ಅದೇ ಹಾಡನ್ನು ಯಾರೋ ನಕಲು ಮಾಡಿಕೊಟ್ಟ ಹಳೆಯ ಕ್ಯಾಸೆಟ್‌ನಲ್ಲಿ ಕೇಳಿದರೆ ಎರಡು ಸುಯ್ ಇರುತ್ತವೆ. ಒಂದು ಬ್ಯಾಂಡಿನ ಗಾಯಕ, ಜೀವಾಳ ಟ್ರೆಂಟ್ ರೆಜ್ನರ್ ಬೇಕೆಂದೇ ಇಟ್ಟದ್ದು, ಇನ್ನೊಂದು ಟೇಪಿನ ಆಕ್ಸೈಡ್ ಪುಡಿ ತಾನಾಗಿ ಸೇರಿಸಿದ್ದು. ಕಂಪ್ಯೂಟರಿಗೆ ಹಾಕಿ ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಗುಂಡಿ ಒತ್ತಿದರೆ ಎರಡೂ ಹೋಗುತ್ತವೆ, ಹಾಡು ಸತ್ತಂತೆ ಕೇಳುತ್ತದೆ. ಈ ಬ್ಯಾಂಡಿನದು ಇಂಡಸ್ಟ್ರಿಯಲ್ ರಾಕ್, ಅದರಲ್ಲಿ ಗಲಾಟೆಯೇ ವಾದ್ಯ. ಹಾಗಾಗಿ ಹಳೆಯ ಸಂಗ್ರಹವನ್ನು ಮತ್ತೆ ಕೇಳುವ ಸ್ಥಿತಿಗೆ ತರುವ ಕೆಲಸವೆಂದರೆ, ಪ್ರತಿ ಹಂತದಲ್ಲೂ ಯಾವ ಸದ್ದು ಬ್ಯಾಂಡಿನದು, ಯಾವುದು ಯಂತ್ರದ್ದು ಎಂದು ಬೇರ್ಪಡಿಸುವ ಕೆಲಸ. ನಾನು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೈಯಲ್ಲಿದ್ದದ್ದು ಎಂಟು ಸಿ-90 (90 ನಿಮಿಷದ) ಕ್ಯಾಸೆಟ್, ಎಲ್ಲವೂ ಟೈಪ್ 1, ಅಂದರೆ ಮಾಮೂಲಿ ಟೇಪಿನವು, ಜೊತೆಗೆ ಕೆಲವು ಸಿ.ಡಿ. ಎಂಟು ಕ್ಯಾಸೆಟ್ ಎಂದರೆ ಬರೀ ಓಡಿಸುವುದಕ್ಕೇ 12 ಗಂಟೆ ಬೇಕು. ಅದನ್ನು ಒಂದೇ ವಾರಾಂತ್ಯದಲ್ಲಿ ಮುಗಿಸಲು ಹೋಗಬೇಡಿ.

ಮೊದಲು ಒಂದು ಲೆಕ್ಕ. ಸಿ-90ರ ಒಂದು ಬದಿ 45 ನಿಮಿಷ. 1989ರ ‘ಪ್ರೆಟಿ ಹೇಟ್ ಮಷೀನ್’ ಹತ್ತು ಹಾಡುಗಳ ಆಲ್ಬಮ್, ಒಟ್ಟು 48 ನಿಮಿಷ ಮೀರುತ್ತದೆ. ಕಂಪನಿಗಳು ಒಂದೆರಡು ನಿಮಿಷದ ಟೇಪನ್ನು ಹೆಚ್ಚಿಗೆ ಸುತ್ತಿರುತ್ತವೆ, ಆದರೂ ಒಂದು ಬದಿಗೆ ಒಂದು ಆಲ್ಬಮ್ ಎಂದು ನಕಲು ಮಾಡಿದ ಕ್ಯಾಸೆಟ್‌ನಲ್ಲಿ ಕೊನೆಯ ಹಾಡು ‘ರಿಂಗ್‌ಫಿಂಗರ್’ ನಡುವೆಯೇ ಕತ್ತರಿಸಿಹೋಗಿರುತ್ತದೆ. 1994ರ ‘ದ ಡೌನ್‌ವರ್ಡ್ ಸ್ಪೈರಲ್’ 65 ನಿಮಿಷ, ಅದು ಎರಡೂ ಬದಿಗೆ ಹರಡುತ್ತದೆ. 1999ರ ‘ದ ಫ್ರಾಜೈಲ್’ ಎರಡು ಡಿಸ್ಕ್, 100 ನಿಮಿಷ ದಾಟುತ್ತದೆ, ಒಂದು ಸಿ-90ಕ್ಕೆ ಹಿಡಿಸುವುದೇ ಇಲ್ಲ. ಕ್ಯಾಸೆಟ್ಟಿನಲ್ಲೇ ಈ ಬ್ಯಾಂಡನ್ನು ಕೇಳಿ ಬೆಳೆದವರು ಯಾವ ಹಾಡಿನ ಯಾವ ಭಾಗವನ್ನು ಕೇಳಿಯೇ ಇಲ್ಲ ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ನನ್ನ ಹಾಳೆಯಲ್ಲಿ ಏಳು ಕಡೆ ಗುರುತು ಬಿತ್ತು.

ಬೆಂಗಳೂರಿನ ಹವೆ ಸುಡುವುದಿಲ್ಲ ನಿಜ, ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ ಟೇಪಿಗೆ ಶತ್ರು. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಒಳ್ಳೆಯ ಡೆಕ್ಕಿಗೆ, ಅಂದರೆ ಕ್ಯಾಸೆಟ್ ಪ್ಲೇಯರಿಗೆ, ಹಾಕಲೇಬೇಡಿ. ಬೂಷ್ಟು ಟೇಪನ್ನು ಓದುವ ಹೆಡ್ಡಿಗೂ ಅದನ್ನು ಒತ್ತಿ ಓಡಿಸುವ ಪಿಂಚ್ ರೋಲರಿಗೂ ಅಂಟಿ ಮುಂದಿನ ಕ್ಯಾಸೆಟ್ಟಿಗೆ ದಾಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮೂರು ದಿನ ಇಟ್ಟರೆ ಬೂಷ್ಟು ಒಣಗಿ ಪುಡಿಯಾಗುತ್ತದೆ. ಆಮೇಲೆ ಐದು ಸ್ಕ್ರೂ ಬಿಚ್ಚಿ, ಎರಡು ಸುರುಳಿಗಳನ್ನೂ ಹಾಗೇ ಎತ್ತಿ ಹೊಸ ಖಾಲಿ ಕವಚಕ್ಕೆ ಸೇರಿಸಿ, ಬಿಸಾಡಬಹುದಾದ ಹಳೆಯ ಪ್ಲೇಯರ್ ಒಂದರಲ್ಲಿ ಟೇಪಿನ ದಾರಿಗೆ ಮೆತ್ತನೆಯ ಒಣ ಬಟ್ಟೆ ಹಗುರವಾಗಿ ತಾಗುವಂತೆ ಹಿಡಿದು ಎರಡು ಸಲ ಕೊನೆತನಕ ಸುತ್ತಬೇಕು. ಈ ಕೆಲಸವನ್ನು ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ ಮಾಡಿ. ಸ್ಕ್ರೂ ಇಲ್ಲದೆ ಅಂಟಿಸಿದ ಕವಚವಾದರೆ ಅಂಚಿನ ಸೀಳಿಗೆ ತೆಳು ಬ್ಲೇಡ್ ಇಟ್ಟು ಮೆಲ್ಲಗೆ ಬಿಡಿಸಬೇಕು, ಕವಚ ಒಡೆದರೂ ಚಿಂತೆಯಿಲ್ಲ, ಟೇಪ್ ಕತ್ತರಿಸಬಾರದು ಅಷ್ಟೆ.

ಬೂಷ್ಟಿಗಿಂತ ಹೆಚ್ಚಾಗಿ ಕಾಡುವುದು ಪ್ರೆಷರ್ ಪ್ಯಾಡ್. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ, ತೆಳು ಲೋಹದ ಪಟ್ಟಿಯ ಮೇಲೆ ಕೂತ ಫೆಲ್ಟಿನ ತುಂಡು ಅದು. ಅಂಟು ಒಣಗಿ ಅದು ಬಿದ್ದುಹೋದರೆ ಹೈ-ಹ್ಯಾಟ್, ಸಿಂಬಲ್ ಎಲ್ಲ ಮಂಕಾಗಿ, ಒಂದು ಕಡೆಯ ಸ್ಪೀಕರ್ ಬಂದು ಬಂದು ಹೋಗುತ್ತದೆ. ಹೆಡ್ ಕೆಟ್ಟಿದೆ ಎಂದು ರಿಪೇರಿಯವರು ಹೇಳುವ ಮುಂಚೆ ಇದನ್ನು ನೋಡಿ. ಬೇಡದ ಕ್ಯಾಸೆಟ್ ಒಂದರಿಂದ ಪಟ್ಟಿಯ ಸಮೇತ ತೆಗೆದು ಹಾಕಿದರೆ ಸಾಕು. ಹೀಗೆ ಪ್ಯಾಡ್ ತೆಗೆದುಕೊಳ್ಳಲು ಬೇಕಾದ ಹಳೆಯ ಕ್ಯಾಸೆಟ್‌ಗಳು ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ರಾಶಿಯಲ್ಲಿ ಸಿಗುತ್ತವೆ. ಸ್ಕ್ರೂ ಇರುವುದನ್ನೇ ಆರಿಸಿ.

ಇನ್ನು ಡೆಕ್. ಹಲವು ವರ್ಷ ಮೂಲೆಯಲ್ಲಿದ್ದ ಡೆಕ್ಕಿನಲ್ಲಿ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಕರಗಿ ಟಾರಿನಂತೆ ಪುಲ್ಲಿ ಚಕ್ರಕ್ಕೆ ಅಂಟಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಕಿವಿಯ ಹತ್ತಿಕಡ್ಡಿಯಿಂದ ಪೂರ್ತಿ ತೆಗೆಯಬೇಕು. ಒಂದು ಚುಕ್ಕೆ ಉಳಿದರೂ ಪ್ರತಿ ಸುತ್ತಿಗೊಮ್ಮೆ ಸ್ವರ ಓಲಾಡುತ್ತದೆ. ಹೊಸ ಬೆಲ್ಟಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಮಾಡೆಲ್ ನಂಬರ್ ಹೇಳಿದರೆ ಪ್ರಯೋಜನವಿಲ್ಲ, ಅಳತೆ ಹೇಳಬೇಕು. ಬೆಲ್ಟ್ ಓಡುವ ದಾರಿಯ ಸುತ್ತ ದಾರ ಸುತ್ತಿ ಉದ್ದ ತೆಗೆದುಕೊಂಡು, ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದನ್ನು ಕೊಳ್ಳಿ. ಚೌಕ ಬೆಲ್ಟೋ ಚಪ್ಪಟೆಯದೋ ಎಂದೂ ನೋಡಿಕೊಳ್ಳಿ. ಟೇಪನ್ನು ಸಮವೇಗದಲ್ಲಿ ಎಳೆಯುವ ಲೋಹದ ಕಡ್ಡಿ, ಅಂದರೆ ಕ್ಯಾಪ್‌ಸ್ಟನ್, ತಿರುಗಿಸುವುದು ಸಾಮಾನ್ಯವಾಗಿ ಚಪ್ಪಟೆಯದು. ತೀರ ಬಿಗಿಯಾದರೆ ಮೋಟಾರಿನ ಬುಷ್ ಸವೆಯುತ್ತದೆ. ವಿದೇಶದಿಂದ ಬಂದ ಡೆಕ್ ಆದರೆ ಹಿಂಬದಿಯ ಚೀಟಿ ಓದದೆ ಪ್ಲಗ್ ಚುಚ್ಚಬೇಡಿ. 100 ಅಥವಾ 120 ವೋಲ್ಟಿನದ್ದಾದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಹೆಡ್ ಮತ್ತು ಕ್ಯಾಪ್‌ಸ್ಟನ್‌ಗೆ 99 ಪರ್ಸೆಂಟ್ ಆಲ್ಕೊಹಾಲ್, ರಬ್ಬರಿನ ಪಿಂಚ್ ರೋಲರಿಗೆ ಸೋಪಿನ ನೀರು ಮತ್ತು ಒಣ ಬಟ್ಟೆ. ರಬ್ಬರಿಗೆ ಆಲ್ಕೊಹಾಲ್ ಹಾಕುತ್ತಾ ಹೋದರೆ ಅದು ಗಟ್ಟಿಯಾಗಿ ಟೇಪನ್ನು ಅಗಿಯುತ್ತದೆ.

ನಂತರದ್ದು ಎಲ್ಲಕ್ಕಿಂತ ಮುಖ್ಯ: ಹೆಡ್ಡಿನ ಓರೆ, ಅಂದರೆ ಅಜಿಮತ್. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 10 ಕಿಲೋಹರ್ಟ್ಸ್ ಸ್ವರದ ಒಂದು ಅಲೆ ಟೇಪಿನ ಮೇಲೆ 5 ಮೈಕ್ರಾನಿಗೂ ಕಡಿಮೆ ಜಾಗ ಹಿಡಿಯುತ್ತದೆ. ರೆಕಾರ್ಡ್ ಮಾಡಿದ ಡೆಕ್ಕಿನ ಹೆಡ್ ಒಂದು ಓರೆಯಲ್ಲಿದ್ದು, ನಮ್ಮದು ಇನ್ನೊಂದು ಓರೆಯಲ್ಲಿದ್ದರೆ ಅಷ್ಟು ಸಣ್ಣ ಅಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಈ ಬ್ಯಾಂಡಿನ ವಿಷಯದಲ್ಲಿ ಅದು ದೊಡ್ಡ ನಷ್ಟ, ಏಕೆಂದರೆ ಸ್ಯಾಂಪಲ್‌ಗಳ ಕರಕರ, ಲೋಹದ ಘರ್ಷಣೆ ಎಲ್ಲ ಇರುವುದೇ ಮೇಲಿನ ಸ್ವರಗಳಲ್ಲಿ. ಹೆಡ್ಡಿನ ಎರಡು ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದು ಅಜಿಮತ್ ಸ್ಕ್ರೂ. ಮೊದಲು ಅದರ ಈಗಿನ ಸ್ಥಾನವನ್ನು ಮಾರ್ಕರ್‌ನಿಂದ ಗುರುತಿಸಿ. ಎಡಬಲ ಎರಡನ್ನೂ ಸೇರಿಸಿ ಮೊನೊ ಮಾಡಿ, ಸಿಂಬಲ್ ಜಾಸ್ತಿ ಇರುವ ಜಾಗ ಓಡಿಸಿ, ಕಾಂತವಿಲ್ಲದ ಸ್ಕ್ರೂಡ್ರೈವರಿನಿಂದ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಸದ್ದು ಅತಿ ಚೂಪಾಗುವ ಬಿಂದುವನ್ನು ಹುಡುಕಿ. ಮೊನೊದಲ್ಲಿ ಈ ಬಿಂದು ತಟ್ಟನೆ ಸಿಗುತ್ತದೆ, ಸ್ಟೀರಿಯೊದಲ್ಲಿ ಕಿವಿ ಮೋಸಹೋಗುತ್ತದೆ. ಬೇರೆ ಬೇರೆ ಕಡೆ ನಕಲಾದ ಕ್ಯಾಸೆಟ್‌ಗಳಾದರೆ ಪ್ರತಿಯೊಂದಕ್ಕೂ ಹೊಸದಾಗಿ ಮಾಡಬೇಕು. ನನ್ನ ಎಂಟರಲ್ಲಿ ಐದಕ್ಕೆ ಬೇರೆ ಬೇರೆ ಓರೆ ಬೇಕಾಯಿತು.

ಟೇಪಿನ ಸುಯ್ ತಗ್ಗಿಸುವ ಡಾಲ್ಬಿ ಬಿ ಆನ್ ಇರಬೇಕೋ ಬೇಡವೋ ಎಂಬುದನ್ನು ಅಜಿಮತ್ ಸರಿಯಾದ ಮೇಲೆಯೇ ತೀರ್ಮಾನಿಸಿ. ಡಾಲ್ಬಿ ಇಲ್ಲದೆ ರೆಕಾರ್ಡ್ ಆದದ್ದನ್ನು ಡಾಲ್ಬಿ ಹಾಕಿ ಕೇಳಿದರೆ ಕಂಬಳಿ ಹೊದಿಸಿದ ಹಾಗೆ ಇರುತ್ತದೆ. ಅಜಿಮತ್ ತಪ್ಪಿದ್ದರೂ ಅದೇ ಕಂಬಳಿ, ಹಾಗಾಗಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ದೋಷ ಎಲ್ಲಿದೆ ಎಂದು ತಿಳಿಯುವುದಿಲ್ಲ.

ಡೆಕ್ಕಿನ ಲೈನ್ ಔಟ್‌ನಿಂದ ಯು.ಎಸ್.ಬಿ. ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಗೆ ಆರ್.ಸಿ.ಎ. ಕೇಬಲ್. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ನೇರ ಹಾಕುವುದು ಎಲ್ಲರೂ ಮಾಡುವ ತಪ್ಪು: ಅದರಲ್ಲಿರುವುದು ಒಂದೇ ಚಾನೆಲ್ಲಿನ ಮೈಕ್ ಇನ್‌ಪುಟ್, ಸ್ಟೀರಿಯೊ ಹೋಗಿಬಿಡುತ್ತದೆ, ಮೈಕಿನ ಲೆವೆಲ್‌ಗೆ ಲೈನ್ ಸಿಗ್ನಲ್ ಒಡೆದುಹೋಗುತ್ತದೆ. ಒಡೆದ ಸದ್ದು ಈ ಸಂಗೀತದಲ್ಲಿ ಸಹಜವಾಗಿ ಕೇಳುವುದರಿಂದ ತಪ್ಪಾಗಿದೆ ಎಂದೇ ಗೊತ್ತಾಗುವುದಿಲ್ಲ, ಅಪಾಯ ಅದೇ. 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಅತಿ ಜೋರಿನ ಜಾಗ ಮೀಟರಿನಲ್ಲಿ ಮೈನಸ್ 8 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಲೆವೆಲ್ ಇಡಿ. ಜೋರಿನ ಜಾಗ ಹುಡುಕಲು ‘ಡೌನ್‌ವರ್ಡ್ ಸ್ಪೈರಲ್’ನ ಮೊದಲ ಹಾಡು ‘ಮಿಸ್ಟರ್ ಸೆಲ್ಫ್ ಡಿಸ್ಟ್ರಕ್ಟ್’ ಒಳ್ಳೆಯದು.

ಗುಂಯ್ ಎನ್ನುವ 50 ಹರ್ಟ್ಸ್ ಹಮ್ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹತ್ತರಲ್ಲಿ ಎಂಟು ಸಲ ಹಮ್ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಎರಡು ಯಂತ್ರಗಳು ಎರಡು ದಾರಿಯಲ್ಲಿ ಅರ್ಥ್ ಆಗಿ ಸುತ್ತು ಕಟ್ಟಿಕೊಂಡಿರುತ್ತವೆ. ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಮೇಲೆ ಡೆಕ್ ಓಡುತ್ತಿದ್ದರೆ ರೆಕಾರ್ಡಿಂಗ್ ನಿಲ್ಲಿಸಿ. ಸ್ಕ್ವೇರ್ ವೇವ್ ಇನ್ವರ್ಟರಿನ ಕರಕರ ಮೇಲಿನ ಸ್ವರಗಳ ತನಕ ಹರಡಿರುತ್ತದೆ, ಅದನ್ನು ಆಮೇಲೆ ಹಾಡಿನಿಂದ ಬಿಡಿಸಲು ಆಗುವುದಿಲ್ಲ.

ಪ್ರತಿ ಬದಿಯ ಆರಂಭದಲ್ಲಿ ಹಾಡು ಶುರುವಾಗುವ ಮುಂಚಿನ ಖಾಲಿ ಟೇಪನ್ನು ಹತ್ತು ಸೆಕೆಂಡಾದರೂ ಸೇರಿಸಿಕೊಂಡು ರೆಕಾರ್ಡ್ ಮಾಡಿ. ಇಡೀ ಕೆಲಸದ ಅಳತೆಗೋಲು ಅದು. ಅಲ್ಲಿ ಇರುವುದು ಬರೀ ಟೇಪಿನ ಸುಯ್. ಆಡಾಸಿಟಿ ಎಂಬ ಆಡಿಯೊ ತಂತ್ರಾಂಶದಲ್ಲಿ ಆ ತುಂಡಿನ ಸರಾಸರಿ ಮಟ್ಟ ಅಳೆದು ಬರೆದಿಡಿ, ಸ್ವರಗಳನ್ನು ಬಣ್ಣದಲ್ಲಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ಕೂಡ ನೋಡಿ: ಟೇಪಿನ ಸುಯ್ ಮೇಲಿನ ತನಕ ಒಂದೇ ಬಣ್ಣದಲ್ಲಿ, ಬದಲಾಗದೆ ಹರಡಿರುತ್ತದೆ. ಹಾಡಿನೊಳಗಿನ ಸುಯ್ ಅದಕ್ಕಿಂತ ಎತ್ತರ, ಹಾಡಿನ ಜೊತೆ ಏರುತ್ತದೆ, ಇಳಿಯುತ್ತದೆ, ಕೆಲವು ಕಡೆ ಒಂದೇ ಪಟ್ಟಿಯಲ್ಲಿ ದಟ್ಟವಾಗಿರುತ್ತದೆ. ಈ ಎರಡನ್ನು ಕಣ್ಣಿನಿಂದ ಒಮ್ಮೆ ಗುರುತಿಸಿದ ಮೇಲೆ ಕಿವಿಗೂ ಅದು ಬರುತ್ತದೆ. ನಾಯ್ಸ್ ರಿಡಕ್ಷನ್ ಎಲ್ಲೂ ಬಳಸಲಿಲ್ಲ. ಆ ಫಿಲ್ಟರಿಗೆ ತೋರಿಸುವ ಮಾದರಿ ಟೇಪಿನದೇ ಆದರೂ, ಹಾಡಿನ ಸುಯ್ ಅದೇ ಸ್ವರಗಳಲ್ಲಿ ಕೂತಿರುವುದರಿಂದ ಅದನ್ನೂ ಕೊರೆದು, ಮಧ್ಯೆ ನೀರಿನ ಗುಳ್ಳೆಯಂಥ ಸದ್ದು ಬಿಟ್ಟುಹೋಗುತ್ತದೆ. ಟೇಪಿನ ಸುಯ್ ಉಳಿಯಲಿ.

ವೇಗ ತಿದ್ದಲೇಬೇಕು. ನಕಲು ಮಾಡಿದ ಡೆಕ್ ಸ್ವಲ್ಪ ಜೋರಾಗಿ ಓಡಿದ್ದರೆ ನಮ್ಮಲ್ಲಿ ಹಾಡು ನಿಧಾನವಾಗಿ, ಶ್ರುತಿ ಇಳಿದು ಕೇಳುತ್ತದೆ. ಇದನ್ನು ಕಿವಿಯಿಂದ ತಿದ್ದಬಾರದು, ಗಡಿಯಾರದಿಂದ ತಿದ್ದಬೇಕು. ‘ಹೆಡ್ ಲೈಕ್ ಎ ಹೋಲ್’ ಸಿ.ಡಿ.ಯಲ್ಲಿ ಹತ್ತಿರ ಹತ್ತಿರ 5 ನಿಮಿಷ. ಟೇಪಿನಲ್ಲಿ 6 ಸೆಕೆಂಡ್ ಹೆಚ್ಚಾದರೆ ಶೇಕಡ 2 ನಿಧಾನ ಎಂದರ್ಥ. ಶೇಕಡ 6 ತಪ್ಪಿದರೆ ಅರ್ಧ ಸ್ವರ ಜಾರಿರುತ್ತದೆ. ಆಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಾಗುವ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ ಬಳಸಿ, ಶ್ರುತಿ ಮಾತ್ರ ಬದಲಿಸುವುದನ್ನಲ್ಲ. ಕಿವಿಯನ್ನು ನಂಬಬೇಡಿ ಎಂದದ್ದಕ್ಕೆ ಕಾರಣ ಮತ್ತೆ ‘ಹರ್ಟ್’. ಅದನ್ನು 2002ರಲ್ಲಿ ಅಮೆರಿಕದ ಗಾಯಕ ಜಾನಿ ಕ್ಯಾಶ್ ಹಾಡಿದ ಮೇಲೆ ಬಹಳ ಜನರಿಗೆ ಆ ರೂಪವೇ ಪರಿಚಯ. ಕ್ಯಾಶ್ ಅವರ ರೂಪದಲ್ಲಿ ಗಿಟಾರು ನೇರ, ಇಂಪು. ಮೂಲದಲ್ಲಿ ಗಿಟಾರಿನ ಒಂದು ಸ್ವರ ಉಳಿದದ್ದಕ್ಕೆ ಅಡ್ಡ ಬೀಳುತ್ತದೆ, ಕಿವಿಗೆ ಅಪಸ್ವರ. ಟೇಪ್ ಕೆಟ್ಟಿದೆ ಎಂದು ಅದನ್ನು ಸರಿಮಾಡಲು ಹೊರಟರೆ ಹಾಡಿನ ನೋವನ್ನೇ ಅಳಿಸಿದ ಹಾಗೆ.

ಸಿ.ಡಿ.ಗಳ ಕೆಲಸ ಸುಲಭ, ಒಂದೆರಡು ಕಡೆ ಮಾತ್ರ ಎಚ್ಚರ ಬೇಕು. ಡಿಸ್ಕನ್ನು ಸೋಪಿನ ನೀರಲ್ಲಿ ತೊಳೆದು ನಡುವಿನಿಂದ ಅಂಚಿಗೆ ನೇರ ಒರೆಸಿ, ವೃತ್ತಾಕಾರದಲ್ಲಿ ಒರೆಸಿದರೆ ಗೀರು ಡೇಟಾದ ಉದ್ದಕ್ಕೇ ಬಿದ್ದು ತಿದ್ದಲಾಗದ ದೋಷವಾಗುತ್ತದೆ. ಸಿ.ಡಿ.ಯಿಂದ ಹಾಡು ತೆಗೆಯುವ, ಅಂದರೆ ರಿಪ್ ಮಾಡುವ, ಎಕ್ಸಾಕ್ಟ್ ಆಡಿಯೊ ಕಾಪಿ ತಂತ್ರಾಂಶದಲ್ಲಿ ಸೆಕ್ಯೂರ್ ಮೋಡ್, ಫಲ ಏನೂ ಕಳೆದುಕೊಳ್ಳದ ಫ್ಲ್ಯಾಕ್ ಫೈಲ್. 1992ರ ‘ಬ್ರೋಕನ್’ ಇಟ್ಟಾಗ ತೆರೆಯ ಮೇಲೆ 99 ಟ್ರ್ಯಾಕ್ ಕಂಡರೆ ಗಾಬರಿಯಾಗಬೇಡಿ. ಆರು ಹಾಡು ಮೊದಲಿಗೆ, 7ರಿಂದ 97ರವರೆಗೆ ಚಿಕ್ಕ ಚಿಕ್ಕ ಮೌನ, 98 ಮತ್ತು 99ರಲ್ಲಿ ಎರಡು ಅಡಗಿಸಿಟ್ಟ ಹಾಡು. ಮೊದಲ ಮುದ್ರಣದಲ್ಲಿ ಆ ಎರಡು ಹಾಡು ಮೂರು ಇಂಚಿನ ಪುಟ್ಟ ಡಿಸ್ಕಿನಲ್ಲಿ ಬೇರೆಯಾಗಿ ಬಂದಿದ್ದವು. ಎಲ್ಲ ಆಯ್ಕೆ ಮಾಡಿ ರಿಪ್ ಮಾಡಿದರೆ 91 ಮೂಕ ಫೈಲುಗಳು ಬಂದು ಬೀಳುತ್ತವೆ, 1ರಿಂದ 6 ಮತ್ತು ಕೊನೆಯ ಎರಡನ್ನು ಮಾತ್ರ ಗುರುತು ಹಾಕಿ. ಹಾಗೆಯೇ ಬ್ಯಾಂಡಿನ ಬಿಡುಗಡೆಗಳಿಗೆ ‘ಹೇಲೊ’ ಎಂಬ ಕ್ರಮಸಂಖ್ಯೆ ಇದೆ: ‘ಡೌನ್ ಇನ್ ಇಟ್’ 1, ‘ಪ್ರೆಟಿ ಹೇಟ್ ಮಷೀನ್’ 2, ‘ಬ್ರೋಕನ್’ 5, ‘ಡೌನ್‌ವರ್ಡ್ ಸ್ಪೈರಲ್’ 8, ‘ಫ್ರಾಜೈಲ್’ 14. ಫೋಲ್ಡರಿನ ಹೆಸರಿನ ಮೊದಲು ಈ ಸಂಖ್ಯೆಯನ್ನು ಎರಡಂಕಿಯಲ್ಲಿ ಬರೆದರೆ ಎಲ್ಲವೂ ತಾನಾಗಿ ಬಿಡುಗಡೆಯ ಕ್ರಮದಲ್ಲಿ ಕೂರುತ್ತದೆ.

ಯಾವ ಮುದ್ರಣ ಎಂಬುದು ಮುಖ್ಯ. 2013ರ ‘ಹೆಸಿಟೇಷನ್ ಮಾರ್ಕ್ಸ್’ಗೆ ಎರಡು ಮಾಸ್ಟರ್, ಅಂದರೆ ಎರಡು ಅಂತಿಮ ರೂಪ, ಇವೆ: ಒಂದು ಮಾಮೂಲಿ ಜೋರಿನದು, ಇನ್ನೊಂದು ಆಡಿಯೊಫೈಲ್ ಹೆಸರಿನದು, ಅದರಲ್ಲಿ ಡ್ರಮ್ಮಿನ ಏಟಿಗೆ ಜಾಗ ಹೆಚ್ಚು. 2008ರ ‘ದ ಸ್ಲಿಪ್’ ಅನ್ನು ರೆಜ್ನರ್ ಉಚಿತವಾಗಿ, ಹಂಚಿಕೊಳ್ಳಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, 24 ಬಿಟ್ 96 ಕಿಲೋಹರ್ಟ್ಸ್ ರೂಪದವರೆಗೂ ಕೊಟ್ಟಿದ್ದರು. ಸ್ನೇಹಿತರಿಗೆ ಹಂಚಲು ಅದೇ ಸರಿಯಾದ ಆಲ್ಬಮ್.

ಕೇಳುವ ಹಂತದಲ್ಲಿ ಜೋರನ್ನು ಸಮ ಮಾಡುವ ರಿಪ್ಲೇ ಗೇನ್ ಹಾಕಿ, ಆದರೆ ಟ್ರ್ಯಾಕ್ ಗೇನ್ ಬೇಡ, ಆಲ್ಬಮ್ ಗೇನ್ ಇರಲಿ. ‘ಡೌನ್‌ವರ್ಡ್ ಸ್ಪೈರಲ್’ನ ಒಂಬತ್ತನೆಯ ಹಾಡು ‘ಬಿಗ್ ಮ್ಯಾನ್ ವಿತ್ ಎ ಗನ್’ ಕಿರುಚುತ್ತಾ ಮುಗಿದು, ಹತ್ತನೆಯದಾಗಿ ‘ಎ ವಾರ್ಮ್ ಪ್ಲೇಸ್’ ಮೆಲ್ಲಗೆ ಬರುತ್ತದೆ. ಟ್ರ್ಯಾಕ್ ಗೇನ್ ಎರಡನ್ನೂ ಒಂದೇ ಎತ್ತರಕ್ಕೆ ತಂದು ಆ ಉಸಿರನ್ನು ಕಸಿಯುತ್ತದೆ. ಪ್ಲೇಯರಿನಲ್ಲಿ ಗ್ಯಾಪ್‌ಲೆಸ್ ಆನ್ ಇರಲಿ. ‘ಫ್ರಾಜೈಲ್’ನಲ್ಲಿ ಪಿಯಾನೊದ ‘ದ ಫ್ರೇಲ್’ ನೇರವಾಗಿ ‘ದ ರೆಚೆಡ್’ ಒಳಗೆ ಇಳಿಯುತ್ತದೆ. ನಡುವೆ ಅರ್ಧ ಸೆಕೆಂಡಿನ ಮೌನ ಬಂದರೂ ಎರಡೂ ಅನಾಥ.

ಹೊರಗಿನ ಗದ್ದಲದ ಜೊತೆ ಸ್ಪರ್ಧಿಸಲು ವಾಲ್ಯೂಮ್ ಏರಿಸುತ್ತಾ ಹೋಗುವುದು ಕೆಟ್ಟ ಅಭ್ಯಾಸ. ಮೇನ್ ರೋಡ್ ಮನೆಯಾದರೆ ಕಿವಿ ಮುಚ್ಚುವ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಬೇಕು, ರಾತ್ರಿ ಹನ್ನೊಂದರ ನಂತರವಾದರೆ ಓಪನ್ ಬ್ಯಾಕ್ ಚೆನ್ನ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಕೇಳುವ ಸಮಯ ಅರ್ಧಕ್ಕೆ ಇಳಿಸಬೇಕು. ನಾನು 75ರ ಆಸುಪಾಸಿನಲ್ಲಿ ಇಟ್ಟುಕೊಂಡೆ. ಈ ಮಟ್ಟದಲ್ಲಿಯೇ ಪದರಗಳು ಬಿಡಿಬಿಡಿಯಾಗಿ ಕೇಳುತ್ತವೆ.

ಪದರ ಬಿಡಿಸಲು ‘ಮಾರ್ಚ್ ಆಫ್ ದ ಪಿಗ್ಸ್’ನಿಂದ ಶುರುಮಾಡಿ. ಮುಗ್ಗರಿಸುತ್ತಿರುವಂತೆ ಕೇಳುವ ಆ ಹಾಡಿನಲ್ಲಿ ನಿಖರವಾದ ಲೆಕ್ಕವಿದೆ: ಏಳರ ಮೂರು ಆವರ್ತ, ನಂತರ ಎಂಟರ ಒಂದು, ಒಟ್ಟು 29. ಮಿಶ್ರ ಚಾಪು ಗೊತ್ತಿದ್ದವರಿಗೆ ಇದು ಸಲೀಸು. ‘ತಕಿಟ ತಕಧಿಮಿ’ ಮೂರು ಸಲ, ‘ತಕಧಿಮಿ ತಕಜೊಣು’ ಒಂದು ಸಲ ಬಾಯಲ್ಲಿ ಹೇಳುತ್ತಾ ಕೈ ತಟ್ಟಿ. ಮೊದಲು ಆಡಾಸಿಟಿಯ ಪ್ಲೇ-ಅಟ್-ಸ್ಪೀಡ್‌ನಲ್ಲಿ ಶೇಕಡ 60ಕ್ಕೆ ಇಳಿಸಿ ಅಭ್ಯಾಸ ಮಾಡಿ. ನಾಲ್ಕರ ಲೆಕ್ಕ ಹಾಕಿಕೊಂಡು ಕೇಳಿದರೆ ಪ್ರತಿ ಸಲವೂ ಸಮ ತಪ್ಪಿ, ಹಾಡು ಬರೀ ಆವೇಶ ಎನಿಸುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪವರ್ ಪ್ರೆಸ್ ಓಡುವ ಶೆಡ್ಡಿನ ಮುಂದೆ ನಿಂತು ಕೇಳಿದವರಿಗೆ ಗೊತ್ತು, ಯಂತ್ರದ ಏಟೂ ಹೀಗೆಯೇ: ಲಯ ಇದೆ, ಆದರೆ ನಮ್ಮ ನಡಿಗೆಯ ಲಯವಲ್ಲ.

‘ಡೌನ್‌ವರ್ಡ್ ಸ್ಪೈರಲ್’ನ ‘ಕ್ಲೋಸರ್’ ಹಾಡಿನ ಡ್ರಮ್ ಏಟು ಗಾಯಕ ಇಗ್ಗಿ ಪಾಪ್‌ರ 1977ರ ‘ನೈಟ್‌ಕ್ಲಬಿಂಗ್’ನಿಂದ ತೆಗೆದು ಬದಲಾಯಿಸಿದ್ದು. ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿ. ‘ಕ್ಲೋಸರ್’ ಕೊನೆಗೆ ಎಲ್ಲ ಪದರ ಕಳಚಿ ಉಳಿಯುವ ಪಿಯಾನೊದ ಪಲುಕು ಹದಿಮೂರನೆಯ ಹಾಡಿನಲ್ಲಿ, ಅಂದರೆ ಆಲ್ಬಮ್ಮಿನ ಹೆಸರಿನದೇ ಹಾಡಿನಲ್ಲಿ, ಮತ್ತೆ ಬರುತ್ತದೆ. ಬಿಡಿ ಹಾಡುಗಳ ಪ್ಲೇಲಿಸ್ಟಿನಲ್ಲಿ ಇದು ಯಾವತ್ತೂ ಸಿಗುವುದಿಲ್ಲ. ಅದೇ ಆಲ್ಬಮ್ಮಿನ ‘ಪಿಗ್ಗಿ’ಯ ಕೊನೆಯಲ್ಲಿ ಸಡಿಲವಾಗಿ, ಲಯ ಬಿಟ್ಟು ಓಡುವ ಡ್ರಮ್ಸ್ ಯಂತ್ರದ್ದಲ್ಲ, ರೆಜ್ನರ್ ಕೈಯಾರೆ ಬಾರಿಸಿದ್ದು. ಸುತ್ತಲಿನ ನೇರ ಯಂತ್ರಲಯದ ಪಕ್ಕದಲ್ಲಿ ಮನುಷ್ಯನ ಕೈ ಎಷ್ಟು ಬೇರೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಇನ್ನೂ ಒಳಗೆ ಹೋಗಬೇಕೆಂದರೆ 2005ರಲ್ಲಿ ‘ದ ಹ್ಯಾಂಡ್ ದಟ್ ಫೀಡ್ಸ್’ ಹಾಡನ್ನು ರೆಜ್ನರ್ ಅವರೇ ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತ ತಂತ್ರಾಂಶದ ಫೈಲಾಗಿ, ಪದರ ಪದರವಾಗಿ ಬಿಡುಗಡೆ ಮಾಡಿದ್ದರು. ಅಂಥ ಫೈಲ್ ಕೈಗೆ ಸಿಕ್ಕರೆ ಮೊದಲು ದನಿಯನ್ನು ಮ್ಯೂಟ್ ಮಾಡಿ, ಆಮೇಲೆ ಒಂದೊಂದೇ ಪದರ ತೆರೆಯಿರಿ. ಗಿಟಾರು ಎಂದುಕೊಂಡದ್ದು ಸಿಂಥ್ ಆಗಿರುತ್ತದೆ, ಸಿಂಥ್ ಎಂದುಕೊಂಡದ್ದು ಗಿಟಾರ್ ಆಗಿರುತ್ತದೆ.

ಕೊನೆಗೆ ‘ಹರ್ಟ್’ನ ಟೇಪ್ ರೂಪವನ್ನೂ ಸಿ.ಡಿ. ರೂಪವನ್ನೂ ಪಕ್ಕಪಕ್ಕದ ಟ್ರ್ಯಾಕಿನಲ್ಲಿ ಇಟ್ಟು ಒಂದೇ ಲೆವೆಲ್‌ಗೆ ತಂದೆ. ಹಾಡಿನ ತುದಿಯಲ್ಲಿ ಗಿಟಾರಿನ ಒಂದೇ ಸಿಡಿತ ಬಿದ್ದು, ಅದರ ಬಾಲವಾಗಿ ಗಾಳಿಯಂಥ ಗುನುಗು ಬಹಳ ಹೊತ್ತು ತೆಳುವಾಗುತ್ತಾ ಹೋಗುತ್ತದೆ. ಟೇಪಿನಲ್ಲಿ ಒಂದು ಜಾಗ ಬರುತ್ತದೆ, ಆ ಗುನುಗು ಇಳಿದು ಇಳಿದು, ಬದಿಯ ಆರಂಭದಲ್ಲಿ ಅಳೆದಿಟ್ಟ ಖಾಲಿ ಟೇಪಿನ ಮಟ್ಟವನ್ನು ಮುಟ್ಟುತ್ತದೆ. ಅಲ್ಲಿಂದಾಚೆ ಕೇಳುವುದು ಕ್ಯಾಸೆಟ್ ಮಾತ್ರ. ಸಿ.ಡಿ.ಯಲ್ಲಿ ಹಾಡು ಆ ಜಾಗ ದಾಟಿ ಮುಂದೆ ಹೋಗುತ್ತಲೇ ಇರುತ್ತದೆ.